ಬೋರ್ಡು ಜಪಾನಿನದು, ಬಟ್ಟಲು ಕೊರಿಯಾದ್ದು

ಕ್ಯಾಲಿಫೋರ್ನಿಯಾದ ಎಲ್ ಕಮೀನೊ ರಿಯಲ್ ರಸ್ತೆಯಲ್ಲಿ ಸನ್ನಿವೇಲ್ ಕಡೆಯಿಂದ ಹೊರಟರೆ ಮೊದಲು ದೋಸೆ, ಬಿರಿಯಾನಿ, ಚಾಟ್‌ಗಳ ಬೋರ್ಡುಗಳು ಸಿಗುತ್ತವೆ. ಸಾಂತಾ ಕ್ಲಾರಾ ಬಂದಂತೆ ಅಕ್ಷರಗಳೇ ಬದಲಾಗಿ, ಸೊನ್ನೆಗಳನ್ನೂ ಗೆರೆಗಳನ್ನೂ ಜೋಡಿಸಿಟ್ಟಂತಿರುವ ಕೊರಿಯನ್ ಲಿಪಿಯ ಅಂಗಡಿಗಳು ಶುರುವಾಗುತ್ತವೆ. ಆ ಸಾಲಿನಲ್ಲಿ, ಒಂದು ಕ್ಷೌರದಂಗಡಿಗೂ ಒಂದು ಬೇಕರಿಗೂ ನಡುವೆ, ನಾನು ತಿಂಗಳಿಗೆ ಎರಡು ಸಲವಾದರೂ ಹೋಗುವ, ಅನ್ನ ಮತ್ತು ಹಸಿ ಮೀನಿನ ಜಪಾನಿ ತಿನಿಸಾದ ಸುಶಿಯ ಹೋಟೆಲೊಂದಿದೆ. ಅದರ ಹೆಸರು ಜಪಾನಿನದು. ಬಾಗಿಲಲ್ಲಿ ಕಾಗದದ ಲಾಂದ್ರ, ಗಲ್ಲಾದ ಪಕ್ಕದಲ್ಲಿ ಮುಂಗಾಲೆತ್ತಿ ಕರೆಯುವ ಬೆಕ್ಕಿನ ಬೊಂಬೆ, ಗೋಡೆಯ ಮೇಲೆ ಎದ್ದು ಬರುವ ನೀಲಿ ಅಲೆಯ ಚಿತ್ರ. ಒಳಗೆ ಕಾಲಿಟ್ಟೊಡನೆ ಅಡುಗೆಕಟ್ಟೆಯ ಹಿಂದಿರುವವರೆಲ್ಲ ಒಂದೇ ಸ್ವರದಲ್ಲಿ ‘ಇರಾಶ್ಶೈಮಾಸೆ’ ಎಂದು ಜಪಾನಿ ಭಾಷೆಯಲ್ಲಿ ಸ್ವಾಗತಿಸುತ್ತಾರೆ, ಮರುಕ್ಷಣವೇ ತಮ್ಮತಮ್ಮೊಳಗೆ ಕೊರಿಯನ್ ಭಾಷೆಯಲ್ಲಿ ಮಾತಿಗಿಳಿಯುತ್ತಾರೆ.

ಗುಟ್ಟು ಅಲ್ಲಿಗೇ ಅರ್ಧ ಬಯಲಾಗಿರುತ್ತದೆ. ಉಳಿದರ್ಧವನ್ನು ಮೇಜು ಹೇಳುತ್ತದೆ. ಜಪಾನಿನ ಚಾಪ್‌ಸ್ಟಿಕ್ ಸಾಮಾನ್ಯವಾಗಿ ಮರದ್ದು, ತುದಿ ಚೂಪಾದದ್ದು. ಇಲ್ಲಿರುವುದು ಚಪ್ಪಟೆಯಾದ, ತೂಕದ, ಕೈಯಿಂದ ಜಾರುವ ಸ್ಟೀಲಿನ ಕಡ್ಡಿ, ಅದರ ಜೊತೆಗೆ ಉದ್ದ ಹಿಡಿಯ ಸ್ಟೀಲಿನ ಚಮಚ. ಜಪಾನಿನಲ್ಲಿ ಅನ್ನದ ಬಟ್ಟಲನ್ನು ಕೈಯಲ್ಲೆತ್ತಿ ಬಾಯಿಯ ಬಳಿಗೆ ತರುವುದು ಸಭ್ಯತೆ. ಕೊರಿಯಾದಲ್ಲಿ ಬಟ್ಟಲನ್ನು ಮೇಜಿನಿಂದ ಎತ್ತುವುದೇ ಅಸಭ್ಯತೆ, ಅನ್ನವನ್ನೂ ಸಾರನ್ನೂ ಚಮಚದಿಂದಲೇ ತಿನ್ನಬೇಕು. ಎರಡೂ ದೇಶಗಳ ಊಟ ಒಂದೇ ಮೇಜಿಗೆ ಬಂದಾಗ ಬಟ್ಟಲನ್ನು ಎತ್ತಬೇಕೋ ಬೇಡವೋ ಎಂಬ ಧರ್ಮಸಂಕಟ ಮೊದಮೊದಲು ನನ್ನನ್ನು ಕಾಡಿತ್ತು. ಆಮೇಲೆ, ಅನ್ನದ ಸಣ್ಣ ಉಂಡೆಯ ಮೇಲೆ ಮೀನಿನ ತುಂಡಿಟ್ಟ ನಿಗಿರಿ ಸುಶಿಯನ್ನು ಕೈಬೆರಳಿನಿಂದ ಎತ್ತಿ ತಿನ್ನುವುದು ಜಪಾನಿನಲ್ಲಿ ಪೂರ್ಣ ಸಮ್ಮತವೆಂದು ತಿಳಿದ ದಿನ, ಪರವೂರಿನಲ್ಲಿ ಸ್ವಂತ ಜಾತಿಯವರು ಸಿಕ್ಕಷ್ಟು ಸಮಾಧಾನವಾಯಿತು.

ಮೇಜಿನ ಮೇಲಿನ ಎಲ್ಲಕ್ಕಿಂತ ದೊಡ್ಡ ಸಾಕ್ಷಿಯೆಂದರೆ ಕೇಳದೆ ಬರುವ ಸಣ್ಣ ಬಟ್ಟಲುಗಳು. ಮೆಣಸು ಹಾಕಿ ಹುಳಿಬರಿಸಿದ ಎಲೆಕೋಸಿನ ಕಿಮ್ಚಿ, ಎಳ್ಳೆಣ್ಣೆ ಹಾಕಿ ಕಲಸಿದ ಮೊಳಕೆಕಾಳು, ಸಿಹಿಯಾಗಿ ಬೇಯಿಸಿದ ಆಲೂಗಡ್ಡೆ, ಅರಿಸಿನ ಬಣ್ಣದ ಮೂಲಂಗಿ ಉಪ್ಪಿನಕಾಯಿ. ಕೊರಿಯನ್ನರು ಇವನ್ನು ಬಾಂಚಾನ್ ಎನ್ನುತ್ತಾರೆ. ಇವುಗಳಿಗೆ ಬೆಲೆಯಿಲ್ಲ, ಮುಗಿದರೆ ಮತ್ತೆ ತಂದಿಡುತ್ತಾರೆ. ಕಟ್ಟುನಿಟ್ಟಿನ ಜಪಾನಿ ಸುಶಿ ಮನೆಯಲ್ಲಿ ಹೀಗೆ ಪುಕ್ಕಟೆಯಾಗಿ ಕೊಡುವ ಪದ್ಧತಿಯಿಲ್ಲ. ಒಂದು ಇಡ್ಲಿಗೆ ನಾಲ್ಕು ಸಲ ಸಾಂಬಾರು ಹಾಕಿಸಿಕೊಂಡು ಬೆಳೆದ ನಮ್ಮಂಥವರಿಗೆ ಯಾವ ದೇಶದ ಅತಿಥಿಸತ್ಕಾರ ಹೃದಯಕ್ಕೆ ಹತ್ತಿರವೆಂದು ಬೇರೆ ಹೇಳಬೇಕಾಗಿಲ್ಲ.

ಕೊರಿಯನ್ನರು ಜಪಾನಿನ ಅಡುಗೆಯನ್ನು ಮಾರಲು ಏಕೆ ಕುಳಿತರು? ಈ ಪ್ರಶ್ನೆಯನ್ನು ನನ್ನೊಡನೆ ಊಟಕ್ಕೆ ಬರುವ ಮೈಸೂರಿನ ಮಿತ್ರರು ಒಮ್ಮೆ ಕೇಳಿದರು. ಮಲ್ಪೆಯ ಬಳಿ ಹುಟ್ಟಿದ ನನಗೆ ಅದೊಂದು ಪ್ರಶ್ನೆಯಾಗಿ ತೋರಲೇ ಇಲ್ಲ. ಮುಂಬಯಿಯಲ್ಲಿ ನನ್ನ ಸೋದರಮಾವ ನಡೆಸುತ್ತಿದ್ದ ಹೋಟೆಲಿನ ಹೆಸರಿನಲ್ಲಿ ಉಡುಪಿ ಇತ್ತು. ಮೆನುವಿನ ಮೊದಲ ಪುಟದಲ್ಲಿ ಇಡ್ಲಿ ದೋಸೆ, ಎರಡನೆಯದರಲ್ಲಿ ಪಾವ್ ಭಾಜಿ, ಮೂರನೆಯದರಲ್ಲಿ ಪನೀರ್ ಬಟರ್ ಮಸಾಲ, ನಾಲ್ಕನೆಯದರಲ್ಲಿ ಶೆಜ್ವಾನ್ ನೂಡಲ್ಸ್. ಮಾವ ಪಂಜಾಬನ್ನೂ ಕಂಡವರಲ್ಲ, ಚೀನಾವನ್ನೂ ಕಂಡವರಲ್ಲ. ಗಿರಾಕಿ ಏನು ಕೇಳುತ್ತಾನೆಂಬುದನ್ನು ಮಾತ್ರ ಚೆನ್ನಾಗಿ ಕಂಡಿದ್ದರು. ಅಮೆರಿಕ 1965ರಲ್ಲಿ ದೇಶವಾರು ಕೋಟಾ ಪದ್ಧತಿಯನ್ನು ಕೈಬಿಟ್ಟು ವಲಸೆಯ ಬಾಗಿಲನ್ನು ಸಡಿಲಿಸಿದ ಮೇಲೆ ಕೊರಿಯನ್ನರು ದೊಡ್ಡ ಸಂಖ್ಯೆಯಲ್ಲಿ ಇಲ್ಲಿಗೆ ಬಂದರು. ಅದಾದ ಸ್ವಲ್ಪ ಕಾಲದಲ್ಲೇ, 70 ಮತ್ತು 80ರ ದಶಕಗಳಲ್ಲಿ, ಅಮೆರಿಕನ್ನರಿಗೆ ಸುಶಿಯ ಹುಚ್ಚು ಹಿಡಿಯಿತು. ಸುಶಿ ಎಂದರೆ ನಾಜೂಕು, ಆರೋಗ್ಯ, ಅಂತಸ್ತು. ಕಿಮ್ಚಿ ಎಂದರೆ ಆ ದಿನಗಳಲ್ಲಿ ಮೂಗು ಮುಚ್ಚಿಕೊಳ್ಳುವ ವಾಸನೆ. ಹೊಟ್ಟೆಪಾಡಿಗಾಗಿ ಬಂದವನು ಎರಡರಲ್ಲಿ ಯಾವ ಬೋರ್ಡು ಹಾಕುತ್ತಾನೆ? ನನ್ನ ಮಾವನನ್ನು ಕೇಳಿದ್ದರೆ ಅವರು ನಿಂತ ನಿಲುವಿನಲ್ಲೇ ಉತ್ತರ ಹೇಳುತ್ತಿದ್ದರು.

ಆದರೆ ಇದರ ಹಿಂದೆ ಮಾವನ ಕಥೆಯಲ್ಲಿಲ್ಲದ ಒಂದು ನೋವೂ ಇದೆ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. ಆ 35 ವರ್ಷಗಳಲ್ಲಿ ಕೊರಿಯನ್ನರು ತಮ್ಮ ಭಾಷೆಯನ್ನು ಶಾಲೆಯಲ್ಲಿ ಕಳೆದುಕೊಂಡರು, ತಮ್ಮ ಹೆಸರುಗಳನ್ನು ಜಪಾನಿಗೆ ಬದಲಿಸಿಕೊಳ್ಳುವ ಒತ್ತಾಯಕ್ಕೆ ಒಳಗಾದರು. ಅದೇ ವರ್ಷಗಳಲ್ಲಿ ಅವರ ಅಡುಗೆಮನೆಗೆ ಕೆಲವು ರುಚಿಗಳು ಬಂದು ಸೇರಿಕೊಂಡವು. ಆಡಳಿತ ಹಿಂತಿರುಗಿ ಹೋಯಿತು, ಉಪ್ಪಿನಕಾಯಿ ಉಳಿಯಿತು. ಆ ಹಳದಿ ಮೂಲಂಗಿಯನ್ನು ಜಪಾನಿನಲ್ಲಿ ತಾಕುವಾನ್ ಎನ್ನುತ್ತಾರೆ, ಕೊರಿಯಾದಲ್ಲಿ ದಾನ್‌ಮುಜಿ. ಕಡಲಕಳೆಯ ಹಾಳೆಯಲ್ಲಿ ಅನ್ನವನ್ನು ಸುತ್ತುವ ಕಿಂಬಾಪ್ ಕೂಡ ಜಪಾನಿನ ಸುರುಳಿ ಸುಶಿಯಿಂದ ಬಂದದ್ದೋ ಸ್ವತಂತ್ರವಾಗಿ ಹುಟ್ಟಿದ್ದೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಮೈಸೂರು ಪಾಕು ಯಾರದೆಂದು ತಮಿಳುನಾಡಿನವರೊಡನೆ ಜಗಳವಾಡಿದ ನಾವು ಇದರಲ್ಲಿ ತೀರ್ಪು ಹೇಳಲು ಹೋಗದಿರುವುದು ಲೇಸು.

ಜಗಳವನ್ನು ಬದಿಗಿಟ್ಟು ನಾಲಗೆಯನ್ನು ಕೇಳಿದರೆ ವ್ಯತ್ಯಾಸ ಸ್ಪಷ್ಟವಾಗಿದೆ. ಜಪಾನಿನವರು ಅನ್ನಕ್ಕೆ ವಿನಿಗರ್, ಸಕ್ಕರೆ, ಉಪ್ಪು ಬೆರೆಸುತ್ತಾರೆ. ಕೊರಿಯನ್ನರು ಹುರಿದ ಎಳ್ಳಿನ ಎಣ್ಣೆ ಮತ್ತು ಉಪ್ಪು. ಸುಶಿ ಎಂಬ ಶಬ್ದಕ್ಕೆ ಮೂಲದಲ್ಲಿ ಹುಳಿ ಎಂದೇ ಅರ್ಥ; ಮೀನನ್ನು ಅನ್ನದೊಳಗೆ ಹುದುಗಿಸಿ ತಿಂಗಳುಗಟ್ಟಲೆ ಹುಳಿಬರಿಸಿ ಕಾಪಿಡುತ್ತಿದ್ದ ಕಾಲದ ನೆನಪು ಆ ಹೆಸರಿನಲ್ಲಿದೆ. ಈ ಮಾತನ್ನು ನಾನು ಹೇಳಿದಾಗ ಮೈಸೂರಿನ ಮಿತ್ರರು ಕಡ್ಡಿಯನ್ನು ಕೆಳಗಿಟ್ಟರು. ಹುಳಿ ಹಾಕಿ ಕಲಸಿದ ಅನ್ನ, ಅದರ ಮೇಲೆ ಎಳ್ಳೆಣ್ಣೆ. ಎರಡು ದೇಶಗಳು ಹಂಚಿಕೊಂಡದ್ದನ್ನು ಒಂದೇ ಪಾತ್ರೆಯಲ್ಲಿ ಕೂಡಿಸಿದರೆ ಅದು ಪುಳಿಯೋಗರೆ ಎಂಬುದು ಅವರ ಶೋಧ. ಪುಳಿ ಎಂದರೆ ಹುಳಿ, ಓಗರವೆಂದರೆ ಅನ್ನ ಎಂದು ವ್ಯುತ್ಪತ್ತಿಯನ್ನೂ ಒದಗಿಸಿದರು. ನಾನು ಪ್ರತಿಯಾಗಿ, ಬಿದಿರಿನ ಚಾಪೆಯ ಮೇಲೆ ಹಾಳೆ ಹಾಸಿ, ಅನ್ನ ಹರಡಿ, ಬಿಗಿಯಾಗಿ ಸುತ್ತಿ, ಬಿಲ್ಲೆಬಿಲ್ಲೆಯಾಗಿ ಕತ್ತರಿಸುವುದನ್ನು ನೋಡಿದಾಗಲೆಲ್ಲ ಆಟಿ ತಿಂಗಳ ಪತ್ರೊಡೆ ನೆನಪಾಗುತ್ತದೆಂದು ವಾದ ಹೂಡಿದೆ. ಅಲ್ಲಿ ಕಡಲಕಳೆಯ ಹಾಳೆ, ಇಲ್ಲಿ ಕೆಸುವಿನ ಎಲೆ. ಅಂದಹಾಗೆ ಆ ಹೋಟೆಲಿನ ಅನ್ನ ಜಪಾನಿನದೂ ಅಲ್ಲ, ಕೊರಿಯಾದ್ದೂ ಅಲ್ಲ. 1948ರಲ್ಲಿ ಕ್ಯಾಲಿಫೋರ್ನಿಯಾದಲ್ಲೇ ಬಿಡುಗಡೆಯಾದ, ಸ್ಯಾಕ್ರಮೆಂಟೊ ಕಣಿವೆಯ ಗದ್ದೆಗಳಲ್ಲಿ ಬೆಳೆಯುವ ಕ್ಯಾಲ್‌ರೋಸ್ ಅಕ್ಕಿ.

ಮಿತ್ರರ ಕಷ್ಟವನ್ನೂ ಇಲ್ಲಿ ಹೇಳಬೇಕು. ಅವರು ಸಸ್ಯಾಹಾರಿಗಳು. ಮಿಸೊ ಸಾರಿನಲ್ಲಿ ಕಣ್ಣಿಗೆ ಕಾಣುವುದು ಹುದುಗಿಸಿದ ಸೋಯಾ ಮುದ್ದೆ ಮತ್ತು ತೋಫು ಎಂಬ ಸೋಯಾ ಪನೀರು ಮಾತ್ರ, ಆದರೆ ಅದರ ತಳದಲ್ಲಿ ಸಾಮಾನ್ಯವಾಗಿ ಒಣಮೀನಿನ ಹೆರೆಯನ್ನು ನೆನೆಸಿ ತೆಗೆದ ತಿಳಿ ಇರುತ್ತದೆ. ಕಿಮ್ಚಿ ನೋಡಲು ಅಪ್ಪಟ ಎಲೆಕೋಸು, ಒಳಗೆ ಉಪ್ಪಿನಲ್ಲಿಟ್ಟ ಸಿಗಡಿ ಅಥವಾ ಮೀನಿನ ರಸ. ಎಲ್ಲವನ್ನೂ ವಿಚಾರಿಸಿ ಬಿಡುತ್ತ ಬಂದ ಮೇಲೆ ಅವರಿಗೆ ಉಳಿದದ್ದು ಸೌತೆಕಾಯಿ ಸುರುಳಿ, ಬೆಣ್ಣೆಹಣ್ಣಿನ ಸುರುಳಿ ಮತ್ತು ಆ ಹಳದಿ ಮೂಲಂಗಿ. ಕರಿದ ತೋಫುವಿನ ಚೀಲದಲ್ಲಿ ಹುಳಿಯನ್ನ ತುಂಬುವ ಇನಾರಿ ಎಂಬುದು ಅವರಿಗೆ ತೀರ ಇಷ್ಟವಾಗಿತ್ತು. ಆ ಚೀಲವನ್ನು ಕುದಿಸುವ ಸಿಹಿ ನೀರಿನಲ್ಲೂ ಅದೇ ಮೀನಿನ ತಿಳಿ ಇರಬಹುದೆಂದು ನಾನು ಈವರೆಗೆ ಅವರಿಗೆ ಹೇಳಿಲ್ಲ. ಈ ಪಾಪದ ಲೆಕ್ಕ ನನ್ನ ಖಾತೆಗೇ ಹೋಗಲಿ.

ಮೆನು ತಾನಾಗಿಯೇ ‘ಫ್ಯೂಶನ್’ ಎಂದು ದಪ್ಪ ಅಕ್ಷರದಲ್ಲಿ ಕರೆಯುವ ಪದಾರ್ಥಗಳ ಬಗ್ಗೆ ನನಗೆ ಹೆಚ್ಚಿನ ಗೌರವವಿಲ್ಲ. ಬುಲ್ಗೋಗಿ ಎಂಬ ಕೊರಿಯನ್ ಸುಟ್ಟ ಮಾಂಸವನ್ನು ಒಳಗಿಟ್ಟು ಮೇಲೆ ಚೀಸ್ ಕರಗಿಸಿದ ಸುರುಳಿ, ಕಿಮ್ಚಿಯೂ ಮೇಯೊನೀಸೂ ಕೂಡಿದ ಸುರುಳಿ, ಎಲ್ಲದರ ಮೇಲೂ ಅಂಕುಡೊಂಕಾಗಿ ಸುರಿದ ಸಿಹಿ ಸೋಯಾ ರಸ. ಮೂರನೆಯ ತುಂಡಿಗೆ ಎಲ್ಲವೂ ಒಂದೇ ರುಚಿಯಾಗಿಬಿಡುತ್ತವೆ. ಮಾವನ ಹೋಟೆಲಿನ ಮೈಸೂರು ಪನೀರ್ ಪಿಜ್ಜಾ ದೋಸೆಗೂ ಇದೇ ದೋಷವಿತ್ತು. ಸುಶಿ ಹೋಟೆಲಿನಲ್ಲಿ ನಿಜವಾದ ಬೆರಕೆ ನಡೆದಿರುವುದು ಯಾರೂ ಹೆಸರಿಡದ ಕಡೆಗಳಲ್ಲಿ: ಸುಶಿಯ ಅನ್ನಕ್ಕೆ ಅಭ್ಯಾಸಬಲದಿಂದ ಬಿದ್ದ ಒಂದೆರಡು ತೊಟ್ಟು ಎಳ್ಳೆಣ್ಣೆಯಲ್ಲಿ, ವಿನಿಗರಿನಲ್ಲಿಟ್ಟ ಶುಂಠಿಯ ಪಕ್ಕದಲ್ಲಿ ಸದ್ದಿಲ್ಲದೆ ಬಂದು ಕೂತ ಹಸಿಮೆಣಸಿನಕಾಯಿ ಮತ್ತು ಬೆಳ್ಳುಳ್ಳಿಯಲ್ಲಿ. ಅಡುಗೆಯವನು ಜಪಾನಿನದನ್ನೇ ಮಾಡುತ್ತಿದ್ದೇನೆಂದು ನಂಬಿರುತ್ತಾನೆ, ಕೈ ಮಾತ್ರ ಅವನ ತಾಯಿಯ ಮಾತನ್ನು ಕೇಳುತ್ತಿರುತ್ತದೆ.

ಸುಶಿಯ ಜೊತೆಗೆ ಕೊಡುವ ಘಾಟಿನ ಹಸಿರು ಮುದ್ದೆಯಾದ ವಾಸಾಬಿಯ ವಿಷಯವನ್ನು ಬೇಗನೆ ಮುಗಿಸುತ್ತೇನೆ. ನಿಜವಾದ ವಾಸಾಬಿಯ ಗೆಡ್ಡೆ ದುಬಾರಿ, ಅರೆದ ಕೆಲವೇ ನಿಮಿಷಗಳಲ್ಲಿ ಅದರ ಘಾಟು ಇಳಿದುಹೋಗುತ್ತದೆ. ಆದ್ದರಿಂದ ಇಂಥ ಸಾಧಾರಣ ಹೋಟೆಲುಗಳಲ್ಲಿ ಸಿಗುವ ಹಸಿರು ಉಂಡೆ ಹಾರ್ಸ್‌ರ‍್ಯಾಡಿಶ್ ಎಂಬ ಬೇರು, ಸಾಸಿವೆ ಪುಡಿ ಮತ್ತು ಬಣ್ಣಗಳ ಮಿಶ್ರಣ. ಮೂಗಿನಿಂದ ನೇರವಾಗಿ ನೆತ್ತಿಗೆ ಏರುವ ಆ ಉರಿ ನಮ್ಮ ಮನೆಯ ಹಸಿ ಸಾಸಿವೆ ಅರೆದಾಗಿನ ಉರಿಯೇ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ ಸುದ್ದಿಯನ್ನು ನಾನು ಓದಿದ್ದು ಆ ಹಸಿರು ಉಂಡೆಯ ಎದುರಿಗೆ ಕುಳಿತೇ.

ಇನ್ನು ಮೀನು. ಮಲ್ಪೆಯ ಸುತ್ತಿನವರಿಗೆ ಮೀನಿನ ವಿಷಯದಲ್ಲಿ ಇರುವ ಅಹಂಕಾರವನ್ನು ಬಯಲುಸೀಮೆಯವರು ಕ್ಷಮಿಸಬೇಕು. ನನ್ನ ತಾಯಿ ಬುಟ್ಟಿ ಹೊತ್ತು ಮನೆಬಾಗಿಲಿಗೆ ಬರುವ ಹೆಂಗಸಿನ ಕೈಯಿಂದ ಬಂಗುಡೆಯನ್ನು ತೆಗೆದುಕೊಂಡು, ಕಿವಿರು ಬಿಡಿಸಿ ಕೆಂಪನ್ನು ನೋಡಿ, ಬೆರಳಿನಿಂದ ಒತ್ತಿ, ಕಣ್ಣಿನ ಹೊಳಪನ್ನು ಪರೀಕ್ಷಿಸಿದ ಮೇಲೆಯೇ ಬೆಲೆಯ ಮಾತಿಗೆ ಬರುತ್ತಿದ್ದರು. ಅವರ ಶಬ್ದಕೋಶದಲ್ಲಿ ಅತ್ಯಂತ ಕೆಟ್ಟ ಬೈಗುಳವೆಂದರೆ ‘ಐಸಿನ ಮೀನು’. ಮಳೆಗಾಲದಲ್ಲಿ ದೋಣಿಗಳು ಕಡಲಿಗೆ ಇಳಿಯದಿದ್ದಾಗ ಬರುವ ಐಸಿನ ಮೀನಿಗಿಂತ ಒಣಮೀನಿನ ಚಟ್ನಿಯೇ ಮೇಲೆಂಬುದು ಅವರ ಸಿದ್ಧಾಂತ.

ಅವರ ಮಗನಾದ ನಾನು ಸುಶಿ ಹೋಟೆಲಿನಲ್ಲಿ ಕಲಿತ ಪಾಠ ಇದಕ್ಕೆ ತೀರ ತಲೆಕೆಳಗಾದದ್ದು. ಹಸಿಯಾಗಿ ತಿನ್ನುವ ಮೀನಿನಲ್ಲಿ ಹುಳುಗಳಿರಬಹುದಾದ್ದರಿಂದ, ಅಮೆರಿಕದ ಆಹಾರ ನಿಯಮಗಳ ಪ್ರಕಾರ ಅದನ್ನು ಶೂನ್ಯಕ್ಕಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೆ 7 ದಿನ, ಇಲ್ಲವೇ 35 ಡಿಗ್ರಿ ಕೆಳಗೆ ಗಟ್ಟಿಯಾಗಿಸಿ 15 ಗಂಟೆ ಇಟ್ಟಿರಬೇಕು. ಕೆಲವು ಜಾತಿಯ ಟ್ಯೂನಾ ಮತ್ತು ಸಾಕಿದ ಮೀನುಗಳಿಗೆ ಮಾತ್ರ ವಿನಾಯಿತಿ. ಎಂದರೆ ತಟ್ಟೆಯಲ್ಲಿ ಗುಲಾಬಿ ಬಣ್ಣದಿಂದ ಹೊಳೆಯುತ್ತ ತಾಜಾತನದ ಪ್ರತಿಮೆಯಂತೆ ಕೂತಿರುವ ಮೀನು ಬಹುಪಾಲು ಐಸಿನ ಮೀನೇ. ಇದರಲ್ಲೂ ಆ ಎರಡು ದೇಶಗಳ ದಾರಿ ಬೇರೆಬೇರೆ. ಜಪಾನಿನ ಸುಶಿಯವರು ಕೆಲವು ಮೀನುಗಳನ್ನು ದಿನಗಟ್ಟಲೆ ಹದಮಾಡಿ ಮೆತ್ತಗಾಗಿಸಿ ಬಡಿಸುತ್ತಾರೆ. ಕೊರಿಯನ್ನರಿಗೆ ತೊಟ್ಟಿಯಲ್ಲಿ ಈಜುತ್ತಿರುವುದನ್ನು ಹಿಡಿದು ಆಗಲೇ ಕತ್ತರಿಸಿದ, ಹಲ್ಲಿಗೆ ಪುಟಿಯುವ ಮೀನು ಬೇಕು. ಅವರೂ ಕಿವಿರು ಬಿಡಿಸಿ ನೋಡುವ ಕುಲದವರೇ.

ನನ್ನ ಅಚ್ಚುಮೆಚ್ಚಿನ ಊಟ ಹ್ವೆದೊಪ್‌ಬಾಪ್. ದೊಡ್ಡ ಬಟ್ಟಲಿನಲ್ಲಿ ಅನ್ನ, ಅದರ ಮೇಲೆ ಸಣ್ಣಗೆ ಹೆಚ್ಚಿದ ಎಲೆಗಳು, ಸೌತೆಕಾಯಿ, ಹಸಿ ಮೀನಿನ ಚೌಕ ತುಂಡುಗಳು. ಇದಕ್ಕೆ ಚೋಗೋಚುಜಾಂಗ್ ಎಂಬ ಕೆಂಪು ಗೊಜ್ಜನ್ನು ಸುರಿದು, ನಾಚಿಕೆಪಡದೆ ಚಮಚದಿಂದ ಎಲ್ಲವನ್ನೂ ಕಲಸಬೇಕು. ಮೀನಿನ ಒಂದೊಂದು ಚೂರನ್ನೂ ದೇವರಂತೆ ಪ್ರತಿಷ್ಠಾಪಿಸುವ ಜಪಾನಿ ಶಿಸ್ತಿನವರು ಈ ಕಲಸಾಟವನ್ನು ನೋಡಿ ಹುಬ್ಬೇರಿಸುತ್ತಾರೋ ಏನೋ. ಸಾರಿಗೂ ಪಲ್ಯಕ್ಕೂ ಮಜ್ಜಿಗೆಗೂ ಕೈಯಾರೆ ಅನ್ನ ಕಲಸಿ ಉಂಡವನಿಗೆ ಅದೇ ಸ್ವರ್ಗ. ಗೊಜ್ಜಿನಲ್ಲಿರುವುದು ಹುದುಗಿಸಿದ ಮೆಣಸಿನ ಮುದ್ದೆ, ವಿನಿಗರ್, ಸ್ವಲ್ಪ ಸಿಹಿ. ಹುಳಿ ಮತ್ತು ಮೆಣಸು, ಮೀನಿನ ಮೇಲೆ. ತುಳುವಿನಲ್ಲಿ ಹುಳಿಗೆ ಪುಳಿ, ಮೆಣಸಿಗೆ ಮುಂಚಿ ಎನ್ನುತ್ತೇವೆ. ನಮ್ಮ ಮನೆಯ ಬಂಗುಡೆ ಪುಳಿಮುಂಚಿಯ ಹೆಸರನ್ನು ಕೊರಿಯನ್ ಭಾಷೆಗೆ ತಿರುಗಿಸಿದರೆ ಹೆಚ್ಚುಕಡಿಮೆ ಈ ಗೊಜ್ಜಿನ ಹೆಸರೇ ಬರುತ್ತದೆ. ಮೆಣಸಿನಕಾಯಿ ಮೂಲತಃ ಅಮೆರಿಕ ಖಂಡದ್ದು; ಹಡಗು ಹತ್ತಿ ಅವರ ಕಡಲಿಗೂ ನಮ್ಮ ಕಡಲಿಗೂ ಬೇರೆಬೇರೆ ದಾರಿಯಲ್ಲಿ ಹೋಗಿ, ಈಗ ಎರಡು ಕಡೆಯ ಮಕ್ಕಳ ಕೈಹಿಡಿದು ತನ್ನ ಖಂಡಕ್ಕೇ ಮರಳಿದೆ.

ಊಟದ ಕೊನೆಗೆ ಹೋಟೆಲಿನ ಯಜಮಾನಿ ಸಣ್ಣ ಲೋಟಗಳಲ್ಲಿ ತಣ್ಣಗಿನ ಸುಜೊಂಗ್ಗ್ವಾ ತಂದಿಡುತ್ತಾರೆ. ದಾಲ್ಚಿನ್ನಿ ಮತ್ತು ಶುಂಠಿಯನ್ನು ಕುದಿಸಿ, ಸಿಹಿ ಸೇರಿಸಿ ಮಾಡಿದ ಪಾನೀಯ. ಮಿತ್ರರು ಅದನ್ನು ಐಸು ಹಾಕಿದ ಕಷಾಯವೆನ್ನುತ್ತಾರೆ, ಆದರೆ ಎರಡನೆಯ ಲೋಟವನ್ನು ಬೇಡವೆನ್ನುವುದಿಲ್ಲ.

ನಾವು ಊಟ ಮುಗಿಸಿ ಕಾರಿಗೆ ಬರುವ ಹೊತ್ತಿಗೆ ಊರಿನಲ್ಲಿ ಬೆಳಗಾಗಿರುತ್ತದೆ. ಕಳೆದ ವಾರ ತಾಯಿಗೆ ಫೋನು ಮಾಡಿದಾಗ ಅವರು ಎಂದಿನಂತೆ ಊಟಕ್ಕೆ ಏನೆಂದು ಕೇಳಿದರು. ಪುಳಿಮುಂಚಿ ಎಂದೆ. ಪರದೇಶದಲ್ಲೂ ಮಗ ಪುಳಿಮುಂಚಿ ತಿನ್ನುತ್ತಿದ್ದಾನೆಂಬ ಸಂತೋಷ ಅವರ ದನಿಯಲ್ಲಿ ಕೇಳಿಸಿತು. ಮೀನು ಹಸಿಯಾಗಿತ್ತೆಂಬುದನ್ನು ಹೇಳುವ ಧೈರ್ಯವಾಗದೆ ನಾನು ಸುಮ್ಮನಿದ್ದೆ. ಆದರೆ ಅವರು ಅಲ್ಲಿಗೆ ನಿಲ್ಲಿಸದೆ, ಅಲ್ಲಿ ಒಳ್ಳೆಯ ಮೀನು ಸಿಗುತ್ತದೆಯೇ ಎಂದರು. ಒಂದು ವಿಷಯವನ್ನು ಮುಚ್ಚಿಟ್ಟ ಮೇಲೆ ಇನ್ನೊಂದನ್ನಾದರೂ ಪ್ರಾಮಾಣಿಕವಾಗಿ ಹೇಳೋಣವೆಂದು, ಐಸಿನಲ್ಲಿಟ್ಟದ್ದು ಎಂದೆ. ಆ ಕಡೆಯಿಂದ ಬಹಳ ಹೊತ್ತು ಮಾತೇ ಬರಲಿಲ್ಲ. ಕೊನೆಗೆ ಅವರು, ಈ ಸಲ ಊರಿನಿಂದ ಬರುವವರ ಕೈಯಲ್ಲಿ ಸ್ವಲ್ಪ ಒಣಮೀನು ಕಳಿಸುತ್ತೇನೆ ಎಂದರು.