ಉದ್ರಿ ತಂದ ಬೀಜಕ್ಕೂ ಬಿಲ್ ಕೇಳಿ

ದಾವಣಗೆರೆ ಸೀಮೆಯಲ್ಲಿ ಬಿತ್ತಿದ ಮೆಕ್ಕೆಜೋಳ ಹುಟ್ಟದಿದ್ದರೆ ರೈತ ಮೊದಲು ಮಳೆಯನ್ನು ಬೈಯುತ್ತಾನೆ, ಆಮೇಲೆ ತನ್ನ ಹಣೆಬರಹವನ್ನು. ಬೀಜದಂಗಡಿಯವರನ್ನು ಕೇಳುವುದು ಕಷ್ಟ. ಗೊಬ್ಬರ, ಔಷಧಿ ಎಲ್ಲ ಅಲ್ಲೇ ಉದ್ರಿ. ಅವರನ್ನು ಎದುರು ಹಾಕಿಕೊಂಡರೆ ಮುಂದಿನ ಹಂಗಾಮಿಗೆ ಕೈ ಹಿಡಿಯುವವರು ಯಾರು? ಗ್ರಾಹಕರ ಹಕ್ಕು ಎಂದರೆ ಫ್ರಿಜ್ಜು, ಮೊಬೈಲಿನ ಉದಾಹರಣೆ ಕೊಡುವವರು ಈ ಉದ್ರಿಯ ಮಾತೇ ಎತ್ತುವುದಿಲ್ಲ. ಇಂಗ್ಲೆಂಡಿನಲ್ಲಿದ್ದು ಎರಡೂ ಕಡೆಯ ಕಾನೂನು ನೋಡುವ ನನಗೆ ನಮ್ಮ ಕಡೆಯ ದೊಡ್ಡ ತೊಡಕು ಇದೇ ಅನ್ನಿಸುತ್ತದೆ.

ಇಂಗ್ಲೆಂಡಿನ ಕಾನೂನೇ ಮೇಲು ಎಂದುಕೊಳ್ಳಬೇಡಿ. ಇಲ್ಲಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ ತನ್ನ ಕಸುಬಿಗಾಗಿ ಕೊಂಡವನು ಗ್ರಾಹಕನೇ ಅಲ್ಲ. ಹೊಲಕ್ಕೆ ಬೀಜ ತಂದ ರೈತ ಅದರ ಹೊರಗೆ ಉಳಿಯುತ್ತಾನೆ. ಅವನು ಮಾಮೂಲಿ ವ್ಯಾಪಾರದ ಕಾನೂನಿನಲ್ಲಿ ಬಡಿದಾಡಬೇಕು. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, 2020ರ ಜುಲೈ 20ರಿಂದ ಜಾರಿಯಲ್ಲಿರುವುದು, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವನನ್ನೂ ಗ್ರಾಹಕ ಎನ್ನುತ್ತದೆ. ಬೀಜ ಕೊಂಡ ರೈತ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಹೇಳಿದೆ. ಇನ್ನೊಂದು ಮಾತು, ಇದನ್ನು ಹಳ್ಳಿಯ ಕಟ್ಟೆಗಳ ಮೇಲೆಲ್ಲ ಹೇಳಬೇಕು: ಹಣ ಕೊಟ್ಟವನಷ್ಟೇ ಅಲ್ಲ, ಕೊಡುತ್ತೇನೆಂದು ಒಪ್ಪಿದವನೂ ಗ್ರಾಹಕ. ಅಂದರೆ ಉದ್ರಿ ತಂದರೂ ಹಕ್ಕು ಹೋಗುವುದಿಲ್ಲ. 1983ರ ಬೀಜ ನಿಯಂತ್ರಣ ಆದೇಶದಂತೆ ನಗದಿರಲಿ ಉದ್ರಿಯಿರಲಿ, ಮಾರಿದವನು ರಸೀದಿ ಕೊಡಲೇಬೇಕು. ಬಿಲ್ ಕೊಡದಿರುವುದನ್ನು 2019ರ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆದಿದೆ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆಯದಿರುವುದೂ ಅದೇ ಸಾಲಿಗೆ ಸೇರುತ್ತದೆ. ‘ಮಾರಿದ ಮಾಲು ವಾಪಸ್ ಇಲ್ಲ’ ಎಂದು ಬಿಲ್ಲಿನ ಕೆಳಗೆ ಅಚ್ಚು ಹಾಕಿಸಿದ್ದರೂ ದೋಷದ ಮಾಲಿಗೆ ಅದು ನಡೆಯುವುದಿಲ್ಲ.

ಇಂಗ್ಲೆಂಡ್ ಗೆಲ್ಲುವುದು ಸಾಕ್ಷ್ಯದ ವಿಷಯದಲ್ಲಿ. ಕೊಂಡ ಆರು ತಿಂಗಳೊಳಗೆ ದೋಷ ಕಂಡರೆ ಅದು ಮೊದಲಿಂದಲೇ ಇತ್ತು ಎಂದೇ ಲೆಕ್ಕ. ಇರಲಿಲ್ಲವೆಂದು ತೋರಿಸುವ ಹೊರೆ ಅಂಗಡಿಯವನದು. ನಮ್ಮಲ್ಲಿ ಆ ಹೊರೆ ಕೊಂಡವನ ತಲೆ ಮೇಲೆ. ಹಾಗಾಗಿ ಇಂಗ್ಲೆಂಡಿನಲ್ಲಿ ಕಾನೂನು ಮಾಡುವ ಕೆಲಸವನ್ನು ನಮ್ಮಲ್ಲಿ ರೈತನ ಕಾಗದಪತ್ರ ಮಾಡಬೇಕು.

ಕೆಲಸ ಶುರುವಾಗುವುದು ಪಾಕೀಟಿನಿಂದ. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ, ಕಂಪನಿಯೇ ಹೊಣೆ ಹೊತ್ತು ಮಾರುವ ಬೀಜಕ್ಕೆ ತಿಳಿ ಹಸಿರು ಚೀಟಿ ಇರುತ್ತದೆ. ಅದರಲ್ಲಿ ಲಾಟ್ ನಂಬರ್, ಪರೀಕ್ಷೆಯ ತಾರೀಖು, ಅವಧಿ, ಮೊಳಕೆಯ ಪ್ರಮಾಣ ಇರುತ್ತವೆ. ಹೈಬ್ರಿಡ್ ಮೆಕ್ಕೆಜೋಳ ನೂರಕ್ಕೆ ಕನಿಷ್ಠ 90, ಈರುಳ್ಳಿ ಮತ್ತು ಶೇಂಗಾ 70 ಮೊಳೆಯಬೇಕು. ಬಿಲ್ಲಿನಲ್ಲಿ ಬರೀ ‘ಜೋಳ, 5 ಪಾಕೀಟು’ ಎಂದು ಗೀಚಿದ್ದರೆ ಅದು ನಿಲ್ಲುವುದಿಲ್ಲ. ತಳಿಯ ಹೆಸರು, ಲಾಟ್ ನಂಬರ್ ಬರೆಸಿ, ಅಂಗಡಿಯಲ್ಲೇ ಪಾಕೀಟಿನ ಜೊತೆ ತಾಳೆ ನೋಡಿ. ಬಿತ್ತುವುದಕ್ಕೆ ಒಂದು ವಾರ ಮೊದಲೇ 100 ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಡಿ. ಮೆಕ್ಕೆಜೋಳವಾದರೆ ಏಳನೆಯ ದಿನ ಎಣಿಸಿ. ಪಾಕೀಟು, ಚೀಟಿ ಬಿಸಾಡಬೇಡಿ. ಒಂದು ಹಿಡಿ ಬೀಜವೂ ಉಳಿದಿರಲಿ. ಬಿತ್ತಿ ಮುಗಿಸಿದ ರೈತ ಬೀಜ ಉಳಿಸಿಕೊಂಡಿರಬೇಕೆಂದು ನಿರೀಕ್ಷಿಸಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿದೆ ನಿಜ, ಆದರೂ ಉಳಿದಿದ್ದರೆ ಪ್ರಯೋಗಾಲಯಕ್ಕೆ ಕಳಿಸಬಹುದು.

ಹುಟ್ಟುವಳಿ ಕೈಕೊಟ್ಟಾಗ ಹೆಚ್ಚಿನವರು ಎಡವುವುದು ಒಂದೇ ಕಡೆ. ಹದ ಆರಿಹೋಗುತ್ತದೆಂದು ಹೊಲ ಹರಗಿ ಮರುಬಿತ್ತನೆ ಮಾಡಿಬಿಡುತ್ತಾರೆ, ಅದರೊಂದಿಗೆ ಸಾಕ್ಷಿಯೂ ಮಣ್ಣುಪಾಲು. ಮರುಬಿತ್ತನೆ ಮಾಡಿ, ಬೇಡ ಎನ್ನುವುದಿಲ್ಲ. ಆದರೆ ಹೊಲದ ಎರಡು ಮೂರು ಕಡೆ ನಾಲ್ಕಾರು ಸಾಲು ಹಾಗೇ ಬಿಡಿ. ಅದೇ ದಿನ ರೈತ ಸಂಪರ್ಕ ಕೇಂದ್ರಕ್ಕೆ, ಚಳ್ಳಕೆರೆ ಹಿರಿಯೂರು ಕಡೆಯ ಈರುಳ್ಳಿಯಾದರೆ ತೋಟಗಾರಿಕೆ ಇಲಾಖೆಗೆ, ಬರಹದಲ್ಲಿ ದೂರು ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಹೊಲ ನೋಡಲು ಕೃಷಿ ವಿಜ್ಞಾನಿಯೂ ಬರಲಿ, ಅಂಗಡಿಯವರಿಗೂ ಕಂಪನಿಗೂ ಮೊದಲೇ ತಿಳಿಸಲಿ ಎಂದು ಅದರಲ್ಲೇ ಕೇಳಿ. ‘ನಮ್ಮ ಬೆನ್ನ ಹಿಂದೆ ಬರೆದ ವರದಿ’ ಎಂಬುದು ಕಂಪನಿಯ ವಕೀಲರ ಕೈಗೆ ಸಿಗುವ ಮೊದಲ ಆಯುಧ. ಆಳ ಹೆಚ್ಚಾಯಿತು, ತೇವ ಸಾಲಲಿಲ್ಲ, ಕಳೆನಾಶಕ ಜಾಸ್ತಿಯಾಯಿತು ಎಂಬುವು ಆಮೇಲಿನವು. ಇದಕ್ಕೆ ಗಟ್ಟಿ ಉತ್ತರ ಪಕ್ಕದ ಹೊಲದಲ್ಲಿದೆ: ಅದೇ ವಾರ, ಅಂಥದೇ ಮಣ್ಣಿನಲ್ಲಿ ಬಿತ್ತಿದ ಬೇರೆ ಲಾಟಿನ ಬೀಜ ಚೆನ್ನಾಗಿ ಹುಟ್ಟಿದ್ದರೆ ಅದನ್ನು ವರದಿಯಲ್ಲಿ ಬರೆಸಿ. ‘ಬೆಳೆ ಚೆನ್ನಾಗಿಲ್ಲ’ ಎಂದಷ್ಟೇ ಬರೆದ ವರದಿಯಿಂದ ಬೀಜದ ದೋಷ ಸಾಬೀತಾಗುವುದಿಲ್ಲ.

ಆಮೇಲೆ ನೋಟಿಸ್. ಕಾಯ್ದೆ ಅದನ್ನು ಕಡ್ಡಾಯ ಮಾಡಿಲ್ಲ, ಆದರೂ 15 ದಿನದ ಗಡುವು ಕೊಟ್ಟು ಅಂಗಡಿಗೂ ಕಂಪನಿಗೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸುವುದು ಲೇಸು. ಸಹಾಯವಾಣಿ 1915ಕ್ಕೆ ಕರೆ ಮಾಡಿಯೂ ದೂರು ದಾಖಲಿಸಬಹುದು. ಅದು ರಾಜಿ ಮಾತುಕತೆಗೆ ಮಾತ್ರ, ಆದೇಶ ಹೊರಡಿಸಲಾರದು. ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗ. ಕಂಪನಿ ಹೈದರಾಬಾದಿನದಾದರೂ ಚಳ್ಳಕೆರೆಯವರು ಚಿತ್ರದುರ್ಗದಲ್ಲೇ ದೂರು ಕೊಡಬಹುದು, ದೂರುದಾರ ವಾಸವಿರುವ ಜಿಲ್ಲೆಯೇ ಸಾಕು. ಶುಲ್ಕದ ಲೆಕ್ಕ ಕೇಳುವ ಪರಿಹಾರದ ಮೇಲಲ್ಲ, ಕೊಂಡ ಬೆಲೆಯ ಮೇಲೆ. 6,000 ರೂಪಾಯಿ ಬೀಜಕ್ಕೆ 3 ಲಕ್ಷ ನಷ್ಟ ಕೇಳಿದರೂ ಶುಲ್ಕ ಸೊನ್ನೆ, ಏಕೆಂದರೆ 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ಇಂಗ್ಲೆಂಡಿನ ಸಣ್ಣ ಕ್ಲೇಮಿನ ಕೋರ್ಟಿನಲ್ಲಿ ಕೇಳಿದ ಹಣದ ಲೆಕ್ಕದಲ್ಲೇ ಶುಲ್ಕ ಏರುತ್ತದೆ.

ದೂರಿಗೆ ಬಿಲ್, ಚೀಟಿ, ಪಹಣಿ, ವರದಿ, ಫೋಟೊ, ಉಳುಮೆ ಗೊಬ್ಬರ ಕೂಲಿಯ ಖರ್ಚು, ಎಪಿಎಂಸಿ ದರ, ಅಫಿಡವಿಟ್ ಲಗತ್ತಿಸಿ. ಅಂಗಡಿ, ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರನ್ನೇ ಹೆಸರಿಸಿದರೆ ಅವರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಗಡುವು ಎರಡು ವರ್ಷ. ವಕೀಲರಿಲ್ಲದೆಯೂ ವಾದಿಸಬಹುದು; ಬೇಕೆಂದರೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಎದುರುದಾರರು 30 ದಿನ, ಹೆಚ್ಚೆಂದರೆ ಇನ್ನು 15 ದಿನದಲ್ಲಿ ಉತ್ತರ ಕೊಡಬೇಕು. ಈ 45 ದಿನ ಮೀರಿದರೆ ಅವಕಾಶವಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿದೆ. ಕೇಸು ಮೂರು ತಿಂಗಳಲ್ಲಿ, ಪ್ರಯೋಗಾಲಯಕ್ಕೆ ಹೋದರೆ ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಅಷ್ಟರಲ್ಲೇ ಮುಗಿದೀತು ಎಂದು ನಂಬಿ ಕೂರಬೇಡಿ.

ಆರು ತಿಂಗಳ ಆ ಸಾಕ್ಷ್ಯದ ನಿಯಮವನ್ನು ನಮ್ಮ ಕಾಯ್ದೆಗೂ ಸೇರಿಸಬೇಕು, ಅದರಲ್ಲೂ ಬೀಜಕ್ಕೆ ಮೊದಲು. ಲಾಟಿನ ಪರೀಕ್ಷೆಯ ದಾಖಲೆ ಇರುವುದು ಕಂಪನಿಯ ಕಪಾಟಿನಲ್ಲಿ. ರೈತನ ಕೈಯಲ್ಲಿರುವುದು ಹರಿದ ಪಾಕೀಟು, ಅದೂ ಅವನು ಎತ್ತಿಟ್ಟಿದ್ದರೆ.