ಸ್ಪಷ್ಟನೆ: ‘ಅರ್ಧ ಟ್ಯಾಂಕ್’ ಲೆಕ್ಕ ತಪ್ಪು

ಅಲಾಸ್ಕಾದ ನಿರ್ಜನ ಕರಾವಳಿಗೆ ಬೇಸಿಗೆಯಲ್ಲಿ ಸಾಲ್ಮನ್ ಮೀನು ಹಿಡಿಯಲು ದೋಣಿಯಲ್ಲಿ ಹೊರಡುವವರಿಗೆ ‘ಅರ್ಧ ಟ್ಯಾಂಕ್ ಹೋಗಲು, ಅರ್ಧ ಬರಲು’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ಇಂಧನದ ಮೂರರಲ್ಲಿ ಒಂದು ಪಾಲು ಹೋಗಲು, ಒಂದು ಮರಳಲು, ಇನ್ನೊಂದು ಮೀಸಲು. 90 ಲೀಟರ್ ಇದ್ದರೆ 30 ಮುಗಿದ ಕೂಡಲೇ ದೋಣಿ ತಿರುಗಿಸಬೇಕು. ಗಾಳ ಎಳೆಯುತ್ತಾ ನಿಧಾನವಾಗಿ ಸುತ್ತುವ ಖರ್ಚೂ ಆ 30ರೊಳಗೇ ಬರಬೇಕು (ಎಲ್ಲರೂ ಮರೆಯುವುದು ಇದನ್ನೇ).

ಮರಳುವಾಗ ಗಾಳಿಯೂ ಉಬ್ಬರವಿಳಿತದ ಸೆಳೆತವೂ ಎದುರಾದರೆ ಅದೇ ದೂರಕ್ಕೆ ಹೆಚ್ಚು ಇಂಧನ ಬೇಕು. ಟ್ಯಾಂಕಿನ ತಳದ ಕೊನೆಯ ಲೀಟರುಗಳನ್ನಂತೂ ನಂಬುವಂತಿಲ್ಲ. ದೋಣಿ ಹೊಯ್ದಾಡಿದಾಗ ಕೊಳವೆ ಗಾಳಿ ಎಳೆದುಕೊಂಡು ಎಂಜಿನ್ ನಿಲ್ಲುತ್ತದೆ. ಗಂಟೆಗೆ ಎಷ್ಟು ಲೀಟರ್ ಎಂಬುದನ್ನು ಸಾಮಾನು ತುಂಬಿದ ದೋಣಿಯಲ್ಲೇ ಅಳೆದುಕೊಳ್ಳಿ. ಆ ಸಂದೇಶವನ್ನು ದಯವಿಟ್ಟು ಮುಂದೆ ಕಳುಹಿಸಬೇಡಿ.