ಸತ್ಯಾಂಶ: ವಿದೇಶದ ಸಂಬಳವನ್ನು ಗುಣಿಸಿ ನೋಡಿದರೆ ಸಾಕೇ?

"ವಿದೇಶದ ಸಂಬಳವನ್ನು ವಿನಿಮಯ ದರದಿಂದ ಗುಣಿಸಿ, ಎಷ್ಟು ಪಟ್ಟು ಜಾಸ್ತಿ ನೋಡಿ!" ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಗುಣಾಕಾರವೇನೋ ಸರಿ. ಆದರೆ ಬಾಡಿಗೆ ಕಟ್ಟುವುದೂ ಅಲ್ಲಿನ ಹಣದಲ್ಲೇ ಅಲ್ವಾ?

ತೆರಿಗೆ, ವಿಮೆ, ಪಿಂಚಣಿ ಕಡಿತವಾಗಿ ಕೈಗೆ ಬರುವ ಸಂಬಳವನ್ನು ಮೊದಲು ನೋಡಿ. ಅದರಲ್ಲಿ ಮನೆಗೆ ಎಷ್ಟು ಪಾಲು ಹೋಗುತ್ತದೆ? ಬಾಡಿಗೆ, ವಿದ್ಯುತ್, ನೀರು ಎಲ್ಲ ಸೇರಿ ಶೇ 40 ದಾಟಿದರೆ ಯುರೋಪಿನ ಅಂಕಿಅಂಶ ಸಂಸ್ಥೆ ಯುರೋಸ್ಟಾಟ್ ಅದನ್ನು ವಿಪರೀತ ಹೊರೆ ಎಂದೇ ಎಣಿಸುತ್ತದೆ.

ಒಂದೇ ಬಗೆಯ ಸಾಮಾನು, ಸೇವೆಗಳಿಗೆ ಯಾವ ದೇಶದಲ್ಲಿ ಎಷ್ಟು ಹಣ ಬೇಕು ಎಂದು ಹೋಲಿಸುವ, ವಿಶ್ವಬ್ಯಾಂಕ್ ಪ್ರಕಟಿಸುವ ಕೊಳ್ಳುವ ಶಕ್ತಿಯ ಲೆಕ್ಕ ವಿನಿಮಯ ದರದ ಗುಣಾಕಾರಕ್ಕಿಂತ ವಾಸಿ. ಆದರೂ ಅದು ಇಡೀ ದೇಶದ ಸರಾಸರಿ. ದುಬಾರಿ ನಗರದ ಬಾಡಿಗೆ ಅದರಲ್ಲಿ ಕಾಣುವುದಿಲ್ಲ. ಕೆಲಸ ಸಿಕ್ಕ ಊರಿನ ಬಾಡಿಗೆಯನ್ನೇ ಹುಡುಕಿ, ಮುಂಗಡವನ್ನೂ ಸೇರಿಸಿ. ವಿನಿಮಯ ದರ ನಿಜಕ್ಕೂ ಬೇಕಾಗುವುದು ಉಳಿದದ್ದನ್ನು ಮನೆಗೆ ಕಳಿಸುವಾಗ.